ಮೈತ್ರಿಯ ಆಧಾರ



ಒಬ್ಬನೇ ವೈರಿಯುಳ್ಳ ಇಬ್ಬರು ಮಿತ್ರರಾಗುವುದು ಲೋಕದಲ್ಲಿ ಸಾಮಾನ್ಯವಾದ ಸಂಗತಿ. ಆದರೆ ಆ ವೈರಿಯು ಆಯುಧವನ್ನು ಕೆಳಗಿಟ್ಟ ಬಳಿಕ ಅಂತಹ ಮೈತ್ರಿಯ ಗತಿಯೇನು? ಈ ಪ್ರಶ್ನೆಗೆ ಉತ್ತರ ಐರ್ಲೆಂಡಿನ ಚರಿತ್ರೆಯು ಸ್ಪಷ್ಟವಾದ ಸಮಾಧಾನವನ್ನು ಹೇಳುವುದು.

ಆ ನಾಡಿನ ಕ್ಯಾಥೊಲಿಕರಲ್ಲಿ ಬಹುಜನರು ಐರಿಷ್ ಗಣರಾಜ್ಯವನ್ನು ಸೇರಬೇಕೆಂದೂ, ಪ್ರಾಟೆಸ್ಟೆಂಟರಲ್ಲಿ ಬಹುಜನರು ಬ್ರಿಟನ್ನಿನೊಡನೆಯೇ ಇರಬೇಕೆಂದೂ ಬಯಸುತ್ತಿದ್ದರು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ನಡೆದ ಕಲಹದಲ್ಲಿ ಸುಮಾರು 3,500 ಮಂದಿ ಹತರಾದರು. ಬ್ರಿಟನ್ನಿನ ಪಕ್ಷವನ್ನು ವಹಿಸಿದ ಶಸ್ತ್ರಧಾರಿ ಪಂಗಡಗಳಲ್ಲಿ ಅಲ್‌ಸ್ಟರ್ ವಾಲಂಟಿಯರ್ ಫೋರ್ಸ್ ಮತ್ತು ಅಲ್‌ಸ್ಟರ್ ಡಿಫೆನ್ಸ್ ಅಸೋಸಿಯೇಷನ್ ಎಂಬಿವೆರಡು ಮುಖ್ಯವಾದವು. ಇವುಗಳ ಮತವೊಂದು, ಗುರಿಯೊಂದು. ಆದರೂ 1974-75ರಲ್ಲಿ ಇವು ಪರಸ್ಪರ ರಕ್ತವನ್ನು ಸುರಿಸಿದುವು.

1991ರಲ್ಲಿ ಈ ಎರಡು ಪಂಗಡಗಳೂ ರೆಡ್ ಹ್ಯಾಂಡ್ ಕಮಾಂಡೊ ಎಂಬ ಚಿಕ್ಕದೊಂದು ಪಂಗಡವೂ ಸೇರಿ ಸಂಯುಕ್ತ ಸೇನಾಮಂಡಲಿಯನ್ನು ರಚಿಸಿಕೊಂಡುವು. ಮೈತ್ರಿಯಾದ ಮಾತ್ರಕ್ಕೆ ಹಿಂಸೆ ನಿಲ್ಲಲಿಲ್ಲ. 1993ರಲ್ಲಿ ಗ್ರೇಸ್ಟೀಲ್ ಎಂಬ ಊರಿನಲ್ಲಿ 8 ಜನರೂ, 1994ರಲ್ಲಿ ಲಾಕಿನ್‌ಐಲೆಂಡಿನಲ್ಲಿ 6 ಜನರೂ ಇವರ ಗುಂಡಿಗೆ ಬಲಿಯಾದರು. 1994ರ ಆಗಸ್ಟ್ 31ರಂದು ಎದುರುಪಕ್ಷದ ಐರಿಷ್ ರಿಪಬ್ಲಿಕನ್ ಆರ್ಮಿಯು ಕದನವಿರಾಮವನ್ನು ಸಾರಿತು. ಅಕ್ಟೋಬರ್ 13ರಂದು ಸಂಯುಕ್ತ ಮಂಡಲಿಯೂ ಹಾಗೆಯೇ ಸಾರಿತು. ಆ ಘೋಷಣೆಯನ್ನು ಓದಿದವನು 1966ರ ಕೊಲೆಯೊಂದಕ್ಕಾಗಿ ದೀರ್ಘಕಾಲ ಸೆರೆಯಲ್ಲಿದ್ದ ಗಸ್ಟಿ ಸ್ಪೆನ್ಸ್. ನಿರಪರಾಧಿಗಳಾಗಿ ಮಡಿದವರ ಬಂಧುಗಳಿಗೆ ಆ ಪತ್ರವು ಪಶ್ಚಾತ್ತಾಪವನ್ನು ತಿಳಿಸಿತು. ಪರಸ್ಪರ ಕಾದಿದ ಪಂಗಡಗಳ ಪರವಾಗಿ ಒಂದೇ ಬಾಯಿಂದ ಆ ಮಾತು ಹೊರಟುದು ಸಣ್ಣದಲ್ಲ.

ಆದರೂ 1997ರಲ್ಲಿ ಆ ಮಂಡಲಿ ಒಡೆಯಿತು. 1998ರ ಏಪ್ರಿಲ್ 10ರಂದು ಶಾಂತಿಯ ಒಪ್ಪಂದವಾಗಿತ್ತು. ಎರಡು ವರ್ಷಗಳು ಕಳೆದ ಬಳಿಕ, 2000ದಲ್ಲಿ, ಬೆಲ್‌ಫಾಸ್ಟಿನ ಶಾಂಕಿಲ್ ಬೀದಿಯಲ್ಲಿ ಹಳೆಯ ಮಿತ್ರರೇ ಹೊಡೆದಾಡಿದರು. ಏಳು ಮಂದಿ ಸತ್ತರು. ನೂರಾರು ಕುಟುಂಬಗಳು ಮನೆಮಠಗಳನ್ನು ಬಿಟ್ಟುವು. ಹೊರಗಿನ ಹಗೆಯು ತಗ್ಗಲು ಬೀದಿಯ ಮೇಲಣ ಅಧಿಕಾರದ ಆಸೆಯು ತಲೆಯೆತ್ತಿತು. ಆಯುಧಗಳು ಮನೆಯಲ್ಲಿಯೇ ಇದ್ದುವು. ಹಿಡಿಯುವ ಕೈಗಳು ಬದಲಾಗಿರಲಿಲ್ಲ.

ಇದರಿಂದ ಶಾಂತಿಯೇ ಸುಳ್ಳೆಂದು ತಿಳಿಯಲಾಗದು. 2007ರ ಮೇ 8ರಂದು ಕಡುವಿರೋಧಿಗಳಾಗಿದ್ದ ಇಯಾನ್ ಪೇಸ್ಲಿ ಮತ್ತು ಮಾರ್ಟಿನ್ ಮೆಕ್‌ಗಿನ್ನೆಸ್ ಒಂದೇ ಸರ್ಕಾರದ ಹೊರೆಯನ್ನು ಹೊತ್ತರು. 2009, 2010ರಲ್ಲಿ ಈ ಎರಡು ಪಂಗಡಗಳೂ ತಮ್ಮ ಶಸ್ತ್ರಗಳನ್ನು ವಿಸರ್ಜಿಸಿದುದಾಗಿ ಪ್ರಕಟಿಸಿದುವು. ಹಗೆಯಿಂದ ಕೂಡಿದವರು ಅಗಲಿದರು. ಹೊಣೆಯಿಂದ ಕೂಡಿದವರು ಆಡಳಿತವನ್ನು ನಡೆಸಿದರು.

ಶರಣರು ಬಹಿರಂಗಶುದ್ಧಿಯೊಡನೆ ಅಂತರಂಗಶುದ್ಧಿಯನ್ನೂ ಬೇಡಿದುದು ಇದಕ್ಕಾಗಿಯೇ. ಕಾಯಕದಲ್ಲಿ ಜೊತೆಗೂಡಿ, ದಾಸೋಹದ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತವರ ಸ್ನೇಹಕ್ಕೆ ವೈರಿಯ ಆವಶ್ಯಕತೆಯಿಲ್ಲ. ಊರೂರಿನ ಕಕ್ಷಿಜಗಳಗಳನ್ನು ತೀರಿಸಹೊರಟ ಭಕ್ತರು ಮೊದಲು ಕೇಳಬೇಕಾದ ಪ್ರಶ್ನೆಯಿದು: ಈ ರಾಜಿಯು ಯಾರ ವಿರುದ್ಧವಾಗಿ ಆಯಿತು ಎಂಬುದಲ್ಲ, ಯಾವ ಕಾರ್ಯಕ್ಕಾಗಿ ಆಯಿತು ಎಂಬುದು.