ಸುಮ್ಮನೆ ಹೊರಟವರು

ಮದುವೆ, ಮುಂಜಿ, ಹರಕೆ ಏನೂ ಇಲ್ಲದೆ ನಾಲ್ಕು ಜನ ಗೆಳತಿಯರು ಬೆಂಗಳೂರಿಗೆ ಹೊರಟರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಯಾಕೆ?’ ‘ಸುಮ್ಮನೆ’ ಎಂಬ ಉತ್ತರ ಗಂಡಸರಿಗೆ ಸಾಕು. ಹೆಂಗಸರಿಗೆ ಇನ್ನೂ ಸಾಲದು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬಸ್‌ಚಾರ್ಜಿನ ನೆಪ ಹೋಯಿತು, ದೋಸೆಹಿಟ್ಟಿನ ನೆಪ ಉಳಿಯಿತು! ಹಿಟ್ಟು ರುಬ್ಬಿಟ್ಟು, ಮಕ್ಕಳ ಪರೀಕ್ಷೆ, ಅತ್ತೆಯ ಮಾತ್ರೆ ಎಲ್ಲ ನೋಡಿಕೊಂಡೇ ತಾರೀಖು ಗೊತ್ತುಮಾಡಬೇಕು. ಕಷ್ಟ ಇರುವುದು ಅಲ್ಲೇ.

ಊರು ಸುತ್ತುವುದು ಸುಲಭ. ಶನಿವಾರ ಬೆಳಿಗ್ಗೆ ಲಾಲ್‌ಬಾಗ್, ಹತ್ತಿರದ ಎಂಟಿಆರ್‌ನಲ್ಲಿ ತಿಂಡಿ, ಸಂಜೆ ರಂಗಶಂಕರದಲ್ಲಿ ನಾಟಕ. ಭಾನುವಾರಕ್ಕೆ ಏನೂ ಬರೆದಿಡಬೇಡಿ. ಖರ್ಚಿನ ಲೆಕ್ಕ ಒಬ್ಬರ ಕೈಯಲ್ಲೇ ಇರಲಿ. ಆದರೆ ಪ್ರತಿಸಲವೂ ಅದೇ ಪಾಪದವಳ ತಲೆಗೆ ಕಟ್ಟಬೇಡಿ.