ಸಜ್ಜನರೂ ದುರಾಡಳಿತವೂ

ದುರಾಡಳಿತವನ್ನು ನಡೆಸುವವರೆಲ್ಲರೂ ದುಷ್ಟರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ದುಷ್ಟರು ಯಾವ ಕಾಲದಲ್ಲಿಯೂ ಕೆಲವರೇ. ಆ ಕೆಲವರಿಂದಲೇ ರಾಜ್ಯಯಂತ್ರವು ತಿರುಗಲಾರದು. ಉಳಿದ ಕೈಗಳು ಯಾರವು ಎಂಬುದೇ ಈ ಹೊತ್ತಿನ ವಿಚಾರ.

ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. 1975ನೆಯ ಇಸವಿ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿಯನ್ನು ಸಾರಲಾಯಿತು. ಅದು ಇಪ್ಪತ್ತೊಂದು ತಿಂಗಳು ನಡೆಯಿತು. ವಿಚಾರಣೆಯಿಲ್ಲದೆ, ಕಾರಣವನ್ನೂ ತಿಳಿಸದೆ ಜನರನ್ನು ಸೆರೆಯಲ್ಲಿಡಲು ‘ಮೀಸಾ’ ಕಾಯಿದೆಯು ಅವಕಾಶ ಕೊಟ್ಟಿತು. ನಮ್ಮ ಮಲ್ಲೇಶ್ವರಕ್ಕೆ ಹೆಚ್ಚು ದೂರವಿಲ್ಲದ ಸೆಂಟ್ರಲ್ ಜೈಲಿಗೆ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಕಳುಹಿಸಿದರು. ಆಕೆ ಉಬ್ಬಸದ ರೋಗಿ. ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧದಲ್ಲಿ ಹಿಡಿದರಾದರೂ ಕಡೆಯ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು, ಆ ತಿಂಗಳ 20ರಂದು ತೀರಿಕೊಂಡರು.

ಇಂಥ ಒಂದು ಸೆರೆಗೆ ಎಷ್ಟು ಕೈಗಳು ಬೇಕು! ಆಜ್ಞೆಯನ್ನು ಟೈಪು ಮಾಡುವ ಗುಮಾಸ್ತೆ, ಮೊಹರೊತ್ತುವ ಅಧಿಕಾರಿ, ತಲೆ ಎಣಿಸುವ ಕಾವಲುಗಾರ, ಸುದ್ದಿ ಅಚ್ಚಾಗದಂತೆ ಗೆರೆ ಎಳೆಯುವವ. ಇವರಲ್ಲೊಬ್ಬರೂ ಕ್ರೂರಿಗಳಾಗಿರಬೇಕಾಗಿಲ್ಲ. ಸಂಜೆ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಸೋಮವಾರ ಕಾಡುಮಲ್ಲೇಶ್ವರನಿಗೆ ಕೈಮುಗಿಯುವ ಗೃಹಸ್ಥರೇ ಆಗಿರಬಹುದು. ಪ್ರತಿಯೊಬ್ಬನೂ ತನ್ನ ಪಾಲಿನ ಲೆಕ್ಕ ಸರಿಯಾಗಿದೆಯೇ ಎಂದು ನೋಡುತ್ತಾನೆ. ಒಟ್ಟು ಮೊತ್ತವನ್ನು ಯಾರೂ ಕೂಡಿಸುವುದಿಲ್ಲ. ಹೊರಗಿದ್ದವರಲ್ಲಿಯೂ ಅನೇಕರು, ‘ರೈಲುಗಳು ಹೊತ್ತಿಗೆ ಬರುತ್ತಿವೆ, ಕಚೇರಿಗಳಲ್ಲಿ ಶಿಸ್ತು ಬಂದಿದೆ’ ಎಂದು ಸಂತೋಷಪಟ್ಟರು.

ವಿದ್ಯೆಯಾದರೂ ಕಾಪಾಡೀತೆ? 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಇಂಥ ಬಂದಿಗಳು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರುವಂತಿಲ್ಲವೆಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯ ಪದವಿ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. ಆ ತೀರ್ಪು ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ದ್ರೌಪದಿಯ ಮೊರೆಯನ್ನು ಕೇಳಿಯೂ ಸುಮ್ಮನೆ ಕುಳಿತ ಭೀಷ್ಮನು ದುಷ್ಟನಲ್ಲ. ಅನ್ನದ ಋಣಕ್ಕೆ ಕಟ್ಟುಬಿದ್ದವನು. ವಿಧೇಯತೆ, ಕರ್ತವ್ಯನಿಷ್ಠೆ, ಸಂಸಾರದ ಹೊಣೆ ಎಂಬ ನಮ್ಮ ಸದ್ಗುಣಗಳನ್ನೇ ಅನ್ಯಾಯವು ಕೂಲಿಗೆ ಹಿಡಿಯುತ್ತದೆ. ಎಲ್ಲರೂ ವೀರರಾಗಬೇಕೆಂದು ಹೇಳುವುದು ಸುಲಭ, ಆಗುವುದು ಕಷ್ಟ. ಆದರೆ ರುಜು ಹಾಕುವ ಮುನ್ನ, ‘ಈ ಕಾಗದವು ನನ್ನ ಮೇಜಿನಿಂದ ಹೊರಟು ಯಾರ ಮನೆಯ ಬಾಗಿಲಿಗೆ ಹೋಗುತ್ತದೆ?’ ಎಂದು ಕೇಳಿಕೊಳ್ಳುವುದು ಸಾಮಾನ್ಯನ ಶಕ್ತಿಗೆ ಮೀರಿದ್ದಲ್ಲ.