ಸಾಲ, ಸಂಘ ಮತ್ತು ಶಾಲೆ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಭ್ರಮದ ಈ ವೇದಿಕೆಯಲ್ಲಿ ಸಾಲದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ನಮ್ಮ ಗಡಿನಾಡು ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ, ರೇಷ್ಮೆಹುಳು ಸಾಕುವ, ಹುಣಸೆಹಣ್ಣು ಮತ್ತು ಬೆಲ್ಲದ ಮಂಡಿಗಳಲ್ಲಿ ದುಡಿಯುವ ಜನರ ನಾಡು. ಮಳೆ ಕೈಕೊಟ್ಟ ವರ್ಷ ಬಿತ್ತನೆಗೆ ತಂದ ಕೈಸಾಲ ತೀರದು. ಮನೆಯವರು ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಅಳಿಯುತ್ತದೆ. ಆದುದರಿಂದ ಸಾಲದ ವಿಚಾರ ಶಾಲೆಯ ವಿಚಾರವೂ ಹೌದು.

ಬಡವರು ಕೂಡಿ ಉಳಿಸಿ, ತಮ್ಮೊಳಗೇ ಸಾಲ ಪಡೆಯುವ ಕ್ರಮ ಕನ್ನಡ ನೆಲಕ್ಕೆ ಹೊಸದಲ್ಲ. 1904ರ ಸಹಕಾರ ಕಾಯಿದೆಯ ಮರುವರ್ಷವೇ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1987ರಲ್ಲಿ ನಬಾರ್ಡ್ ಸಂಸ್ಥೆಯು ಬೆಂಗಳೂರಿನ ಮೈರಾಡಾ ಸಂಸ್ಥೆಯ ಸಣ್ಣ ಗುಂಪುಗಳಿಗೆ ನೆರವಿತ್ತಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಬೆಸೆಯುವ ಪ್ರಯೋಗ ಆರಂಭವಾಯಿತು. 2000ದಲ್ಲಿ ವಿಶ್ವಬ್ಯಾಂಕಿನ ನೆರವಿನ 'ವೆಲುಗು' ಯೋಜನೆಗೆ ಆಯ್ಕೆಯಾದ ಆರು ಜಿಲ್ಲೆಗಳಲ್ಲಿ ಅಂದಿನ ನಮ್ಮ ಅನಂತಪುರವೂ ಒಂದು. ಹತ್ತು ಹದಿನೈದು ಮಹಿಳೆಯರ ಸಂಘ, ಅದರ ಮೇಲೆ ಗ್ರಾಮ ಸಂಘ, ಅದರ ಮೇಲೆ ಮಂಡಲ ಸಮಾಖ್ಯೆ ಎಂಬ ಮೆಟ್ಟಿಲುಗಳನ್ನು ನಮ್ಮ ತಾಯಂದಿರು ಬಲ್ಲರು.

ಇದರಿಂದಾದ ಪ್ರಯೋಜನವನ್ನು ಲೆಕ್ಕದಲ್ಲಿಯೇ ನೋಡೋಣ. ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಬಡ್ಡಿಯಂತೆ ಕೈಸಾಲವಾಗಿ ತಂದ 20,000 ರೂಪಾಯಿಗೆ ವರ್ಷಕ್ಕೆ 7,200 ರೂಪಾಯಿ ಬಡ್ಡಿ. ಸಂಘಗಳಿಗೆ ದೊರೆತ ಪಾವಲಾ ಬಡ್ಡಿ, ಅಂದರೆ ತಿಂಗಳಿಗೆ 25 ಪೈಸೆಯಂತೆ, ಅದೇ ಮೊತ್ತಕ್ಕೆ 600 ರೂಪಾಯಿ. ಉಳಿದ 6,600 ರೂಪಾಯಿಯಲ್ಲಿ ಒಂದು ಮನೆಯ ಮೇವು, ಬೀಜ, ಮಕ್ಕಳ ಪುಸ್ತಕಗಳು ಅಡಗಿವೆ.

ಆದರೆ ಬಡವರ ಕೈಗೆ ಹಣ ತಲುಪಿದೊಡನೆ ಬಡತನ ಹಿಂಗುವುದಿಲ್ಲ. ಇದೇ ಆಂಧ್ರಪ್ರದೇಶದಲ್ಲಿ ಖಾಸಗಿ ಕಿರುಸಾಲದ ಕಂಪನಿಗಳು ವಾರದ ಕಂತಿನ ಸಾಲವನ್ನು ಮನೆಬಾಗಿಲಿಗೆ ತಂದವು. ಒಂದು ಸಾಲವನ್ನು ತೀರಿಸಲು ಇನ್ನೊಂದನ್ನು ಪಡೆದ ಕುಟುಂಬಗಳು ವಸೂಲಿಯ ಒತ್ತಡಕ್ಕೆ ಸಿಲುಕಿದವು. 2010ರ ಅಕ್ಟೋಬರಿನಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಎರಡು ಕಡೆಯೂ ಸಾಲವೇ, ಎರಡು ಕಡೆಯೂ ಗುಂಪೇ. ಸಾಲ ಯಾವುದಕ್ಕೆ, ಎಷ್ಟು, ಯಾವಾಗ ತೀರಬೇಕು ಎಂಬುದನ್ನು ಸದಸ್ಯರೇ ಕುಳಿತು ತೀರ್ಮಾನಿಸಿ, ತಮ್ಮ ಪುಸ್ತಕದಲ್ಲಿ ತಾವೇ ಬರೆದುಕೊಂಡಲ್ಲಿ ಅದು ಆಸರೆಯಾಗುತ್ತದೆ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಲ್ಲಿ ಅದೇ ಉರುಳಾಗುತ್ತದೆ.

ಶಾಲೆಯ ಹೊಣೆ ತೊಡಗುವುದು ಇಲ್ಲಿಯೇ. ನಮ್ಮ ಮನೆಯ ಮಾತು ಕನ್ನಡ. ಸಾಲದ ಕಾಗದಗಳು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಅಸಲು ಇಳಿಯುತ್ತ ಬಂದರೂ ಮೊದಲ ಮೊತ್ತದ ಮೇಲೆಯೇ ಬಡ್ಡಿ ಹಿಡಿದು ತಿಂಗಳ ಕಂತು ಕಟ್ಟಿಸಿದರೆ, ಶೇಕಡಾ 12 ಎಂದು ಬರೆದ ವಾರ್ಷಿಕ ಬಡ್ಡಿ ವಾಸ್ತವದಲ್ಲಿ ಶೇಕಡಾ 20ನ್ನು ಮೀರುತ್ತದೆ. ಇದನ್ನು ಎಂಟನೆಯ ತರಗತಿಯ ಮಗು ಲೆಕ್ಕ ಹಾಕಿ ತಾಯಿಗೆ ಕನ್ನಡದಲ್ಲಿ ತಿಳಿಸಬಲ್ಲುದಾದರೆ, ಆ ಮನೆಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರಿಲ್ಲ.

ಆದುದರಿಂದ ನಮ್ಮ ಬಿನ್ನಹಗಳು ಎರಡು. ಗಣಿತದ ತರಗತಿಯಲ್ಲಿ ಸಂಘದ ಉಳಿತಾಯ-ಸಾಲದ ಪುಸ್ತಕ ಬರೆಯುವುದನ್ನು ಮಕ್ಕಳಿಗೆ ರೂಢಿಸೋಣ. ತಿಂಗಳಿಗೊಂದು ಭಾನುವಾರ ಶಾಲೆಯ ಒಂದು ಕೊಠಡಿಯನ್ನು ತೆರೆದಿಡೋಣ. ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಅಲ್ಲಿ ಕುಳಿತು, ಸಹಿ ಹಾಕುವ ಮುನ್ನವೇ ಊರವರ ಸಾಲದ ಕಾಗದಗಳನ್ನು ಓದಿ ಹೇಳಲಿ. ಇದಕ್ಕೆ ದೊಡ್ಡ ನಿಧಿ ಬೇಡ. ಒಂದು ಮೇಜು, ನಾಲ್ಕು ಕುರ್ಚಿ, ತಪ್ಪದೆ ಬರುವ ಇಬ್ಬರು ಸಾಕು.

ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆಯ ಋಣವನ್ನು ಹೀಗಾದರೂ ಕಂತುಕಂತಾಗಿ ತೀರಿಸೋಣವೆಂದು ಪ್ರಾರ್ಥಿಸಿ ಈ ಮಾತುಗಳನ್ನು ಮುಗಿಸುತ್ತೇವೆ.